ಶೀತಕ್ಕ ಅಳೆದ ಕಾವು

ಸಂಶೋಧನಾಲಯದ ಯಂತ್ರಶಾಲೆಯಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತು ಸವೆದವನು ನಾನು. ಅಷ್ಟು ವರ್ಷದಲ್ಲಿ ದೊಡ್ಡ ಮನುಷ್ಯರೆನಿಸಿಕೊಂಡವರನ್ನು ಬೇಕಾದಷ್ಟು ಕಂಡೆ. ಹತ್ತಿರದಿಂದ ಕಂಡ ಮೇಲೂ ದೊಡ್ಡವರಾಗಿ ಉಳಿದವರನ್ನು ಎಣಿಸಲು ಒಂದು ಕೈ ಸಾಕು, ಅದರಲ್ಲೂ ಬೆರಳು ಮಿಗುತ್ತವೆ. ಶೀತಕ್ಕ ಹಾಗೆ ಉಳಿದವಳು.

ಅವಳು ವಿಜ್ಞಾನಿಯಲ್ಲ. ಶೈತ್ಯಯಂತ್ರಗಳ ಬಗ್ಗೆ ಎರಡು ವರ್ಷದ ಡಿಪ್ಲೊಮಾ ಮಾಡಿ, ಮೀನು ಕೂಡಿಡುವ ಗೋದಾಮಿನಲ್ಲಿ ಒಂಬತ್ತು ವರ್ಷ ಕಂಪ್ರೆಸರ್ ನೋಡಿಕೊಂಡಿದ್ದು, ಆಮೇಲೆ ನಮ್ಮಲ್ಲಿಗೆ ಬಂದಳು. ನೆಲಮಾಳಿಗೆಯ ತಂಪು ಯಂತ್ರ ಅವಳ ವಶ. ಸದಾ ಸೋರುವ ಮೂಗು, ಬೇಸಿಗೆಯಲ್ಲೂ ಉಣ್ಣೆಯ ಟೋಪಿ. ಕಚೇರಿಯ ಗುಮಾಸ್ತನೊಬ್ಬ ಗೇಲಿಗೆಂದು ಶೀತಕ್ಕ ಅಂತ ಕರೆದ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. "ಇರ್ಲಿ ಬಿಡಿ. ನನಗೆ ಶೀತ ಮೂಗಲ್ಲಿದೆ, ಅವನಿಗೆ ಮಿದುಳಿಗೇ ಹೋಗಿದೆ" ಅಂದಳು. ಹೆಸರು ಉಳಿಯಿತು. ಗುಮಾಸ್ತ ಯಾವಾಗ ಹೋದನೋ ಯಾರಿಗೂ ನೆನಪಿಲ್ಲ.

ಆ ಯಂತ್ರ ಚಾವಣಿಯಿಂದ ತಲೆಕೆಳಗಾಗಿ ತೂಗುಹಾಕಿದ ಗೋಪುರದ ಹಾಗಿತ್ತು. ಚಿನ್ನದ ಲೇಪದ ತಾಮ್ರದ ತಟ್ಟೆಗಳು ಒಂದರ ಕೆಳಗೊಂದು. ಕೆಳಗೆ ಹೋದಷ್ಟೂ ಹೆಚ್ಚು ತಣ್ಣಗೆ. ಇದಕ್ಕಿಂತ ತಣ್ಣಗಾಗುವುದು ಜಗತ್ತಿನಲ್ಲಿ ಸಾಧ್ಯವೇ ಇಲ್ಲ ಎನ್ನುವ ಮಟ್ಟವೊಂದಿದೆಯಂತೆ. ಕಟ್ಟಕಡೆಯ ತಟ್ಟೆ ಅದಕ್ಕಿಂತ ಕೂದಲೆಳೆಯಷ್ಟೇ ಮೇಲೆ. ಅದರ ಮೇಲೆ ಉಗುರಿನಷ್ಟಗಲದ ಒಂದು ಎಲೆಕ್ಟ್ರಾನಿಕ್ ಚಿಪ್. ಆ ಉಗುರಿನ ಸಲುವಾಗಿ ಇಷ್ಟೆಲ್ಲ ಪಂಪು, ಕೊಳವೆ, ಗದ್ದಲ.

ಪ್ರಯೋಗಾಲಯದ ಮುಖ್ಯಸ್ಥರನ್ನು ನಾವು ಬೆನ್ನ ಹಿಂದೆ ದೊರೆ ಅನ್ನುತ್ತಿದ್ದೆವು. ಯಾರಾದರೂ ಅತಿಥಿಗಳು ಬಂದರೆ ಯಂತ್ರ ನಿಲ್ಲಿಸಿ, ಬೆಚ್ಚಗಾದ ಮೇಲೆ ಹೊರಕವಚ ಬಿಚ್ಚಿಸಿ, ಬರಿಗೈಯನ್ನು ಚಿನ್ನದ ತಟ್ಟೆಯ ಮೇಲಿಟ್ಟು ಫೋಟೊ ತೆಗೆಸಿಕೊಳ್ಳುವುದು ಅವರ ದೊಡ್ಡ ಚಟ. ಅವರು ಹೋದ ಮೇಲೆ ಶೀತಕ್ಕ ಸ್ಪಿರಿಟ್‌ನಲ್ಲಿ ಬಟ್ಟೆ ಅದ್ದಿ ಬೆರಳಚ್ಚು ಒರೆಸುತ್ತಿದ್ದಳು. "ಇವರ ಕೈಗೆ ಸ್ಪ್ಯಾನರ್ ಕೊಟ್ರೆ ಯಾವ ಕಡೆಯಿಂದ ಹಿಡೀಬೇಕು ಅಂತ ಸಮಿತಿ ಮಾಡ್ತಾರೆ ಅಣ್ಣ" ಎಂದು ನನಗೆ ಹೇಳುತ್ತಿದ್ದಳು. ಅದು ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ಆಮೇಲೆ ಒಂದು ದಿನ ಸಾಮಾನು ಖರೀದಿಗೆ ನಿಜವಾಗಿಯೂ ಸಮಿತಿ ಮಾಡಿದರು.

ದೊರೆ ಕೈಗೆತ್ತಿಕೊಂಡ ಪ್ರಯೋಗ ಏನೆಂದು ನನಗೆ ತಿಳಿದದ್ದು ಶೀತಕ್ಕನ ಮನೆಯಲ್ಲಿ, ರಜೆಯ ದಿನ ಮಧ್ಯಾಹ್ನ ಊಟಕ್ಕೆ ಹೋದಾಗ. ಅವಳ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವವನು, ಮೆತ್ತಗಿನ ಮನುಷ್ಯ. ಅವನೇ ಕೇಳಿದ: "ಅಲ್ಲ ಕಣೆ, ಅಷ್ಟು ತಣ್ಣಗೆ ಮಾಡಿ ಅದರಲ್ಲಿ ಏನ್ ಮಾಡ್ತೀರಿ?"

ಶೀತಕ್ಕ ತಟ್ಟೆಯಿಂದ ಬಟಾಣಿ ಕಾಳುಗಳನ್ನು ಹೆಕ್ಕಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. "ಇದು ನಮ್ಮ ಚಿಪ್‌ನಲ್ಲಿರೋ ಹದಿನಾರು ಕ್ಯೂಬಿಟ್ ಅಂದ್ಕೊಳ್ಳಿ. ಸೊನ್ನೆನೂ ಅಲ್ಲ, ಒಂದೂ ಅಲ್ಲ, ಎರಡರ ಮಧ್ಯೆ ತೂಗಾಡ್ತಾ ಇರೋ ವಸ್ತು. ಪಕ್ಕಪಕ್ಕದವನ್ನ ಒಂದಕ್ಕೊಂದು ತಾಗಿಸ್ತಾ ಹೋದ್ರೆ ಅವು ಹೆಣೆದುಕೊಳ್ತವೆ. ಇದರ ಸ್ಥಿತಿ ಇಷ್ಟು, ಅದರ ಸ್ಥಿತಿ ಇಷ್ಟು ಅಂತ ಬೇರೆ ಮಾಡಿ ಹೇಳೋಕೇ ಆಗಲ್ಲ. ಸುಮ್ಮನೆ ಬಿಟ್ರೆ ಆ ಹೆಣಿಗೆ ಈ ತುದಿಯಿಂದ ಆ ತುದಿಗೆ ಹಬ್ಬುತ್ತೆ."

"ಹಬ್ಬಲಿ."

"ಮಧ್ಯೆ ಮಧ್ಯೆ ನಾವು ಯಾವುದಾದ್ರೂ ಒಂದನ್ನ ಅಳೀತೀವಿ. ಅಳೆದ ತಕ್ಷಣ ಅದು ಸೊನ್ನೆನೋ ಒಂದೋ ಅಂತ ತೀರ್ಮಾನ ಆಗ್ಬಿಡುತ್ತೆ, ಹೆಣಿಗೆಯಿಂದ ಕಳಚಿಕೊಳ್ಳುತ್ತೆ." ಒಂದು ಕಾಳನ್ನು ತೆಗೆದು ಬಾಯಿಗೆ ಹಾಕಿಕೊಂಡಳು. "ಅಪರೂಪಕ್ಕೆ ಅಳೆದ್ರೆ ಹೆಣಿಗೆ ಆ ಗಾಯ ಮಾಗಿಸ್ಕೊಂಡು ಮತ್ತೆ ಹಬ್ಬುತ್ತೆ. ಪದೇ ಪದೇ ಅಳೆದ್ರೆ ಬರೀ ತುಂಡುಗಳು. ಮಜಾ ಏನಂದ್ರೆ, ಅದು ಒಂದೇ ಸಮ ಇಳೀತಾ ಹೋಗಲ್ಲ. ಅಳತೆ ಒಂದು ಮಟ್ಟ ದಾಟೋವರೆಗೂ ಉದ್ದಕ್ಕೂ ಹೆಣಿಗೆ. ದಾಟಿದ್ರೆ ದೂರದ ನಂಟೇ ಇಲ್ಲ. ನೀರು ಗಡ್ಡೆ ಕಟ್ಟೋ ಹಾಗೆ, ಗೆರೆಯ ಈಚೆಗೊಂದು ಸ್ಥಿತಿ, ಆಚೆಗೊಂದು."

"ಅಂದ್ರೆ ನೋಡೋದರಿಂದಲೇ ವಸ್ತು ಬೇರೆ ಆಗುತ್ತಾ?"

"ಎಷ್ಟು ಸಲ ನೋಡ್ತೀವಿ ಅನ್ನೋದರಿಂದ. ಆ ಗೆರೆ ಎಲ್ಲಿದೆ ಅಂತ ಹುಡುಕೋದೇ ಈಗಿನ ಕೆಲಸ."

ಗಂಡ ಉಳಿದ ಬಟಾಣಿಯನ್ನು ಒಟ್ಟುಮಾಡಿ ತಟ್ಟೆಗೆ ಹಾಕಿದ. "ಇದನ್ನ ನಮ್ಮ ಗಿರಾಕಿಗಳಿಗೆ ಹೇಳ್ಬೇಡ ಮಾರಾಯ್ತಿ, ಕನ್ನಡಕ ವಾಪಸ್ ಕೊಟ್ಟು ಹೋಗ್ತಾರೆ."

ದೊರೆಗೆ ಆ ಗೆರೆ ಮೂರೇ ದಿನದಲ್ಲಿ ಸಿಕ್ಕಿಬಿಟ್ಟಿತು. ಅಳೆಯಬಹುದಾದ ಹತ್ತು ಅವಕಾಶಕ್ಕೆ ಒಂದು ಸಲದಂತೆ ಅಳೆಯುವ ಹೊತ್ತಿಗೆ ತುದಿಯಿಂದ ತುದಿಯ ಹೆಣಿಗೆ ಕಡಿದು ಬೀಳುತ್ತಿತ್ತು. ಪರದೆಯ ಮೇಲೆ ಹೆಣಿಗೆಯ ರೇಖೆ ಬಂಡೆಯಿಂದ ಹಾರಿದ ಹಾಗೆ ಇಳಿದಿತ್ತು. ಲೇಖನ ಹೋಯಿತು, ಅಚ್ಚಾಯಿತು, ಅದರ ಚಿತ್ರಕ್ಕೆ ಕಟ್ಟು ಹಾಕಿಸಿ ಕಾರಿಡಾರಿನ ಗೋಡೆಗೆ ಹೊಡೆಸಿದ್ದೂ ಆಯಿತು. ಮೊಳೆ ಹೊಡೆದವನು ನಾನೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ನಮ್ಮದು. ಇಡೀ ಕಟ್ಟಡದಲ್ಲಿ ಒಬ್ಬರಾದರೂ "ಇಷ್ಟು ಬೇಗ ಹೇಗೆ?" ಅಂತ ಕೇಳಬೇಡವೇ?

ಕೇಳಿದವಳು ಶೀತಕ್ಕ. ಅವಳ ಹತ್ತಿರ ಉದ್ದನೆಯ ನೋಟುಪುಸ್ತಕವೊಂದಿತ್ತು. ಹತ್ತು ನಿಮಿಷಕ್ಕೊಮ್ಮೆ ಕೆಳಗಿನ ತಟ್ಟೆಯ ಉಷ್ಣತೆ ನೋಡಿ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದಳು. ಕಂಪ್ಯೂಟರ್ ಬರೆಯುತ್ತದಲ್ಲ ಅಂದರೆ, "ಅದು ದಿನದ ಸರಾಸರಿ ಹೇಳುತ್ತೆ. ಸರಾಸರಿಯಲ್ಲಿ ಮೀನು ಕೆಟ್ಟಿದ್ದು ಗೊತ್ತಾಗಲ್ಲ" ಅನ್ನುತ್ತಿದ್ದಳು. ಪುಸ್ತಕ ನೋಡಿದರೆ, ಅಪರೂಪಕ್ಕೆ ಅಳೆದ ಹೊತ್ತಿನಲ್ಲಿ ತಟ್ಟೆಯ ಉಷ್ಣತೆ ಹನ್ನೊಂದು ಮಿಲಿಕೆಲ್ವಿನ್ ಇತ್ತು. ಅಳತೆ ಹೆಚ್ಚಿದ ಹಾಗೆ ಹತ್ತೊಂಬತ್ತು. ರೇಖೆ ಕುಸಿದ ಜಾಗದಲ್ಲಿ ಮೂವತ್ತನಾಲ್ಕು. ಒಂದೊಂದು ಅಳತೆಗೂ ಒಂದೊಂದು ಸೂಕ್ಷ್ಮ ತರಂಗದ ಹೊಡೆತ ಒಳಗೆ ಹೋಗುತ್ತದೆ, ಒಂದೊಂದು ಹೊಡೆತವೂ ಚಿಟಿಕೆ ಕಾವು ಬಿಟ್ಟು ಬರುತ್ತದೆ. ಕಾವಿಗೂ ಹೆಣಿಗೆ ತಡೆಯುವುದಿಲ್ಲ. ಹಾಗಿದ್ದರೆ ದೊರೆ ಕಂಡದ್ದು ಅಳತೆಯ ಪರಿಣಾಮವೋ, ಬರಿಯ ಬಿಸಿಯೋ? ಲೇಖನದಲ್ಲಿ ಮಾತ್ರ "ಪ್ರಯೋಗದುದ್ದಕ್ಕೂ ಹನ್ನೊಂದು" ಎಂದಿತ್ತು. ದೊರೆ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಒಮ್ಮೆ ನೋಡಿದ್ದರಂತೆ.

ಶೀತಕ್ಕ ಪುಸ್ತಕ ಹಿಡಿದು ಅವರ ಕೋಣೆಗೆ ಹೋದಳು. ಬಾಗಿಲು ತೆರೆದಿತ್ತು, ನಾನು ಹೊರಗಡೆ ಒಂದು ಕಪಾಟಿನ ಬೀಗ ಸರಿಮಾಡುತ್ತಿದ್ದೆ.

"ನೋಡಮ್ಮ," ದೊರೆ ಪುಸ್ತಕ ಮುಟ್ಟದೆಯೇ ಹೇಳಿದರು, "ನೀನು ಫ್ರಿಜ್ ನೋಡ್ಕೋ. ಭೌತಶಾಸ್ತ್ರ ನಾನು ನೋಡ್ಕೋತೀನಿ."

"ಫ್ರಿಜ್ಜೇ ಹೇಳ್ತಾ ಇದೆ ಸಾರ್."

"ಫ್ರಿಜ್ ಮಾತಾಡಲ್ಲ."

"ನಿಮ್ಮ ಹತ್ರ ಮಾತಾಡಲ್ಲ ಸಾರ್" ಎಂದು ಅವಳು ಹೊರಗೆ ಬಂದಳು.

ಆ ವಾರದ ಸಭೆಯಲ್ಲಿ ಅವಳು ಮತ್ತೆ ಮಾತೆತ್ತಿದಳು. ಮೇಜಿನ ಸುತ್ತ ಎಂಟು ಜನ. ದೊರೆ ನಕ್ಕರು, ಅವರು ನಕ್ಕಿದ್ದರಿಂದ ಇನ್ನು ನಾಲ್ವರು ನಕ್ಕರು. ಆಮೇಲೆ ದೊರೆ ನನ್ನ ಕಡೆ ತಿರುಗಿದರು. ಚಿಪ್‌ನಿಂದ ತಟ್ಟೆಗೆ ಕಾವು ಎಳೆಯುವ ತಾಮ್ರದ ಪಟ್ಟಿ ಮಾಡಿದವನು ನಾನು. "ಏನಪ್ಪ, ನಿನ್ನ ಪಟ್ಟಿ ಚೆನ್ನಾಗಿ ಕೆಲಸ ಮಾಡುತ್ತೆ ತಾನೆ?"

ಇಲ್ಲಿಯವರೆಗೆ ಬೇರೆಯವರನ್ನು ಹೀಯಾಳಿಸಿದೆ, ನನ್ನದನ್ನೂ ಹೇಳಿಬಿಡುತ್ತೇನೆ. ಆ ಪಟ್ಟಿ ಸಾಲದು ಅಂತ ನನಗೆ ಗೊತ್ತಿತ್ತು. ದೊರೆಯ ಅವಸರಕ್ಕೆ ಉಳಿಕೆ ತಗಡಿನಲ್ಲಿ ಕತ್ತರಿಸಿ ಕೊಟ್ಟಿದ್ದೆ, ಅದನ್ನು ಶೀತಕ್ಕನಿಗೆ ಹೇಳಿಯೂ ಇದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ನನ್ನ ಬೂಟು ನೋಡಿಕೊಂಡು, "ಮಾಡುತ್ತೆ ಸಾರ್" ಅಂದೆ.

ಹೊರಗೆ ಬಂದ ಮೇಲೆ ಅವಳು ಜಗಳವಾಡಲಿಲ್ಲ. ಮೂಗು ಒರೆಸಿಕೊಂಡು, "ಅಣ್ಣ, ನಿಮ್ಮ ಲೇತ್‌ನಲ್ಲಿ ಬೆನ್ನುಮೂಳೆ ಮಾಡೋಕೆ ಬರುತ್ತಾ?" ಎಂದು ಕೇಳಿ ಮೆಟ್ಟಿಲಿಳಿದು ಹೋದಳು. ಹದಿನೆಂಟು ದಿನ ನನ್ನನ್ನು ಮಾತಾಡಿಸಲಿಲ್ಲ. ಎಣಿಸಿದ್ದೇನೆ.

ಅವಳ ಜೊತೆ ನಿಂತದ್ದು ಯಾರೂ ಎಣಿಸದಿದ್ದ ಒಬ್ಬಾಕೆ. ದೊರೆಯ ಕೈಕೆಳಗೇ ಡಾಕ್ಟರೇಟ್ ಮುಗಿಸಿ, ಪ್ರಯೋಗದ ಲೆಕ್ಕಾಚಾರ ನೋಡಿಕೊಳ್ಳಲು ಉಳಿದಿದ್ದ ಹೆಂಗಸು. ಲೆಕ್ಕದ ಮೇಡಂ ಅನ್ನುತ್ತಿದ್ದೆವು. ದೊರೆ ಕೆಮ್ಮಿದರೆ ಎದ್ದು ನಿಲ್ಲುವಷ್ಟು ಪುಕ್ಕಲು. ಸಭೆಯಲ್ಲಿ ನಗದೆ ಇದ್ದವರಲ್ಲಿ ಒಬ್ಬಳು, ಆದರೆ ಬಾಯಿಯನ್ನೂ ಬಿಟ್ಟಿರಲಿಲ್ಲ. ಮರುದಿನ ಅವಳೇ ನೆಲಮಾಳಿಗೆಗೆ ಇಳಿದು ಬಂದು ಪುಸ್ತಕ ಕೇಳಿದಳಂತೆ, ಶೀತಕ್ಕ ಆಮೇಲೆ ಹೇಳಿದ್ದು. ಓದಿದಳು.

"ಇದು ನಿಜ ಆದ್ರೆ ಆ ಲೇಖನ ಸುಳ್ಳು. ಅದರಲ್ಲಿ ನನ್ನ ಹೆಸರೂ ಇದೆ. ಅವರ ವಿರುದ್ಧ ಹೋದ್ರೆ ಮುಂದೆ ಕೆಲಸಕ್ಕೆ ಶಿಫಾರಸು ಪತ್ರ ಯಾರು ಕೊಡ್ತಾರೆ?"

"ಪತ್ರ ಅವರ ಕೈಲಿರಬಹುದು," ಅಂದಳು ಶೀತಕ್ಕ, "ಕಣ್ಣು ನಿಮ್ಮ ಹತ್ರಾನೇ ಇದೆಯಲ್ಲ."

ದೊರೆ ಭಾಷಣಗಳಿಗೆಂದು ಎರಡು ವಾರ ಪ್ರವಾಸ ಹೋದರು. ಆ ಎರಡು ವಾರ ಯಂತ್ರ ಸುಮ್ಮನೆ ನಿಲ್ಲಬೇಕಿತ್ತು. ಶೀತಕ್ಕ ಹೇಳಿದ ಉಪಾಯ ಇಷ್ಟೇ: ಅಳೆಯುವ ಹೊಡೆತಗಳನ್ನು ಅಷ್ಟೇ ಸಂಖ್ಯೆಯಲ್ಲಿ, ಅಷ್ಟೇ ಜೋರಾಗಿ ಕಳಿಸುವುದು, ಆದರೆ ಅವುಗಳ ಕಂಪನಾಂಕವನ್ನು ಸ್ವಲ್ಪ ಆಚೀಚೆ ಸರಿಸುವುದು. ಆಗ ಕಾವು ಮೊದಲಿನಷ್ಟೇ ಬೀಳುತ್ತದೆ, ಕ್ಯೂಬಿಟ್ ಸೊನ್ನೆಯೋ ಒಂದೋ ಎಂಬುದು ಮಾತ್ರ ತಿಳಿಯುವುದಿಲ್ಲ. "ಬಾಗಿಲು ಅಷ್ಟೇ ಜೋರಾಗಿ ಬಡಿಯೋದು. ಆದ್ರೆ ಪಕ್ಕದ ಮನೆ ಬಾಗಿಲು" ಅಂದಳು. ಹೀಗೆ ಯಾವುದನ್ನೂ ಅಳೆಯದೆ ಇದ್ದರೂ ಹೆಣಿಗೆ ಹರಿದರೆ, ಹರಿದದ್ದು ಅಳತೆಯಲ್ಲ.

ಹರಿಯಿತು. ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಅದೇ ಬಂಡೆ, ಅದೇ ಹಾರಾಟ. ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿದ್ದ ಮಹಾ ಸಂಶೋಧನೆ ಬರಿಯ ಬಿಸಿ.

ಲೆಕ್ಕದ ಮೇಡಂ ಅದಕ್ಕೆ ಇನ್ನೊಂದು ಪುರಾವೆ ಸೇರಿಸಿದಳು. ದೊರೆಯ ಪ್ರಯೋಗದಲ್ಲೇ ಸಾಲಿನ ಹೊರಗೆ ಒಂದು ಕ್ಯೂಬಿಟ್ಟನ್ನು ಸಾಕ್ಷಿಯಾಗಿ ಇಟ್ಟುಕೊಂಡು, ಮೊದಲೇ ಅದನ್ನು ಸಾಲಿಗೆ ಹೆಣೆದಿದ್ದರು. ಅಳತೆಯೇ ಹೆಣಿಗೆಯನ್ನು ಬಿಡಿಸಿದ್ದರೆ, ಆ ಸಾಕ್ಷಿಯ ಸ್ಥಿತಿ ಏನೆಂಬ ಸುದ್ದಿ ಅಳತೆಯ ಫಲಿತಾಂಶಗಳ ದಾಖಲೆಯಲ್ಲಿ ಸಿಕ್ಕಲೇಬೇಕು. ಕಾವು ಬಿಡಿಸಿದ್ದರೆ ಸುದ್ದಿ ಯಾರಿಗೂ ಸಿಗದೆ ಗಾಳಿಪಾಲು. ದೊರೆಯ ಮೂರು ದಿನದ ದಾಖಲೆಯನ್ನು ಅವಳು ಮೊದಲಿಂದ ಕೊನೆಯವರೆಗೆ ಜಾಲಾಡಿದಳು. ಸಾಕ್ಷಿಯ ಬಗ್ಗೆ ಅದರಲ್ಲಿ ಇದ್ದದ್ದು ಹೇಳಿಕೊಳ್ಳುವಂಥದ್ದೇನೂ ಅಲ್ಲ. ಇಷ್ಟಕ್ಕೂ ದೊರೆ ಆ ದಾಖಲೆಯನ್ನು ಪೂರ್ತಿ ತೆರೆದೇ ಇರಲಿಲ್ಲ. ತಮಗೆ ಬೇಕಾದ ಹಾಗೆ ಬಂದ ಸುತ್ತುಗಳನ್ನು ಇಟ್ಟುಕೊಂಡು, ಉಳಿದವನ್ನು "ಗದ್ದಲ" ಎಂದು ಬದಿಗಿಟ್ಟಿದ್ದರು. ಬೆಣ್ಣೆಯಿಂದ ಕೂದಲು ತೆಗೆಯಬೇಕಾದ ಕೆಲಸಕ್ಕೆ ಸೌಟು ಹಿಡಿದು ನಿಂತ ಮನುಷ್ಯ.

ದೊರೆ ವಾಪಸಾದ ದಿನ ಲೆಕ್ಕದ ಮೇಡಂ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಶೀತಕ್ಕ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದಳು. ದೊರೆ ಪರದೆಯನ್ನು ನೋಡಿದರು, ಚಾವಣಿಯನ್ನು ನೋಡಿದರು, ಆಮೇಲೆ ನಿಧಾನಕ್ಕೆ, "ಇದರ ಬಗ್ಗೆ ನನಗೆ ಮೊದಲಿಂದಲೂ ಅನುಮಾನ ಇತ್ತು. ಒಳ್ಳೇದಾಯ್ತು, ಪರೀಕ್ಷೆ ಮಾಡಿಸಿದ್ದು" ಅಂದರು.

ಮಾಡಿಸಿದ್ದು! ಮೊದಲ ದಿನ ನಕ್ಕಿದ್ದ ನಾಲ್ವರೂ ತಲೆಯಾಡಿಸಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಾನು ಎದ್ದು, "ಸಾರ್, ಆ ಪಟ್ಟಿ ಸಾಲಲ್ಲ. ಆವತ್ತು ಸುಳ್ಳು ಹೇಳಿದೆ" ಅಂದೆ. ಯಾರೂ ನನ್ನ ಕಡೆ ನೋಡಲಿಲ್ಲ. ಮುಗಿದ ಮದುವೆಗೆ ವಾದ್ಯ ಊದಿದವನ ಹಾಗಾಗಿತ್ತು ನನ್ನ ಪಾಡು. ಆದರೂ ಮರುದಿನ ಶೀತಕ್ಕ ಯಂತ್ರಶಾಲೆಗೆ ಬಂದು, "ಹೊಸ ಪಟ್ಟಿ ನಾಲ್ಕು ಬೇಕು. ಅಗಲವಾಗಿ. ಈ ಸಲ ತಗಡಿನಲ್ಲಿ ಬೇಡ" ಅಂದಳು. ಒಳ್ಳೆಯ ತಾಮ್ರ ತರಿಸಿ, ಕಾಯಿಸಿ ಮೆದುಮಾಡಿ, ನಾಲ್ಕು ಮಾಡಿಕೊಟ್ಟೆ. ಗಂಡನ ಅಂಗಡಿಯಿಂದ ತಂದ ಭೂತಗನ್ನಡಿ ಹಿಡಿದು ನೋಡಿ ಎರಡನ್ನು ವಾಪಸ್ ಕೊಟ್ಟಳು. ಮತ್ತೆ ಮಾಡಿದೆ.

ಎರಡನೆಯ ಸಲದ ಪ್ರಯೋಗ ಐದು ವಾರ ಹಿಡಿಯಿತು. ಅದರ ಜೀವಾಳ ಶೀತಕ್ಕನದೇ. ಕಾವನ್ನು ಪೂರ್ತಿ ತೆಗೆಯಲು ಆಗದು, ಸರಿ. ಆದರೆ ಅದನ್ನು ಎಲ್ಲ ಕಡೆ ಒಂದೇ ಸಮ ಮಾಡಬಹುದಲ್ಲ? ಅಪರೂಪಕ್ಕೆ ಅಳೆಯುವಾಗ ಉಳಿದ ಜಾಗಗಳಲ್ಲೆಲ್ಲ ಆ ಪಕ್ಕದ ಮನೆ ಬಾಗಿಲ ಹೊಡೆತಗಳನ್ನು ತುಂಬುವುದು. ಪದೇ ಪದೇ ಅಳೆಯುವಾಗ ಅವನ್ನು ಕಡಿಮೆ ಮಾಡುವುದು. ಒಟ್ಟು ಹೊಡೆತ ಯಾವಾಗಲೂ ಅಷ್ಟೇ, ತಟ್ಟೆ ಯಾವಾಗಲೂ ಹದಿನಾಲ್ಕರಲ್ಲೇ. ಬದಲಾಗುವುದು ಒಂದೇ: ಎಷ್ಟು ಹೊಡೆತ ನಿಜವಾಗಿ ಅಳೆಯುತ್ತವೆ ಎಂಬುದು. ಇದನ್ನು ಹೇಳಿದಾಗ ಲೆಕ್ಕದ ಮೇಡಂ ಅದನ್ನು ಎರಡು ಸಲ ಹಾಳೆಯ ಮೇಲೆ ಬರೆದು ನೋಡಿದಳಂತೆ. ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆಯದ್ದು ಮೀನಿನ ಗೋದಾಮಿನಿಂದ ಬಂದವಳಿಗೆ ಹೊಳೆದಿತ್ತು.

ಕೊನೆಯ ದಿನ ಮಧ್ಯಾಹ್ನ ನಾನೂ ನೆಲಮಾಳಿಗೆಯಲ್ಲಿದ್ದೆ. ಎಂಟು ಕ್ಯೂಬಿಟ್ಟಿನ ಸಾಲಿನ ರೇಖೆ, ಹನ್ನೆರಡರ ರೇಖೆ, ಹದಿನಾರರ ರೇಖೆ, ಮೂರನ್ನೂ ಲೆಕ್ಕದ ಮೇಡಂ ಒಂದರ ಮೇಲೊಂದು ಹಾಕಿದಳು. ಬಂಡೆಯಿಂದ ಹಾರುವ ಆರ್ಭಟ ಯಾವುದಕ್ಕೂ ಇರಲಿಲ್ಲ. ಮೂರೂ ಮೆತ್ತಗೆ ಇಳಿದವು, ಸಾಲು ಉದ್ದವಾದಷ್ಟೂ ಸ್ವಲ್ಪ ಕಡಿದಾಗಿ. ಮೂರೂ ಒಂದನ್ನೊಂದು ದಾಟಿದ್ದು ಒಂದೇ ಜಾಗದಲ್ಲಿ, ಆರಕ್ಕೆ ಒಂದು ಅಳತೆಯ ಆಸುಪಾಸಿನಲ್ಲಿ. ಸಾಲು ಎಷ್ಟೇ ಉದ್ದವಿರಲಿ ಬದಲಾಗದ ಆ ಜಾಗವೇ ಹುಡುಕುತ್ತಿದ್ದ ಗೆರೆ. ದೊರೆಯ ಹತ್ತಕ್ಕೆ ಒಂದು ಅದರ ಹತ್ತಿರವೂ ಇರಲಿಲ್ಲ.

ಶೀತಕ್ಕ ಮೂಗು ಒರೆಸಿಕೊಂಡಳು. "ಹದಿನಾರರದ್ದು ಇನ್ನೊಂದ್ಸಲ ಓಡಿಸಿ."

ಅದನ್ನು ಮತ್ತೆ ಓಡಿಸಿ ಮುಗಿಸಲು ಎರಡು ದಿನವಾಯಿತು. ಅದೇ ಜಾಗ.

ಅವಳು ಒಂದು ಮರದ ಪೆಟ್ಟಿಗೆಯ ಮೇಲೆ ಕೂತಳು. ಅವಳ ಮುಖದಲ್ಲಿ ಯಾರ ಮೇಲೂ ತಿರಸ್ಕಾರವಿಲ್ಲದ್ದನ್ನು ನಾನು ಕಂಡದ್ದು ಆವತ್ತೇ. "ಒಂಬತ್ತು ವರ್ಷ ನೀರು ಗಡ್ಡೆ ಕಟ್ಟೋದನ್ನ ನೋಡಿದೀನಿ ಅಣ್ಣ. ಅಲ್ಲಿ ತಣ್ಣಗಾದ್ರೆ ಗಡ್ಡೆ. ಇಲ್ಲಿ ಕಾವು ಅಷ್ಟೇ ಇದೆ, ಹೊಡೆತಾನೂ ಅಷ್ಟೇ. ನಾವು ಎಷ್ಟು ಸಲ ತಿಳ್ಕೊಂಡ್ವಿ ಅನ್ನೋದಷ್ಟೇ ಬೇರೆ. ಅಷ್ಟಕ್ಕೇ ಇದು ಇನ್ನೊಂದೇ ಸ್ಥಿತಿಗೆ ಹೋಗ್ಬಿಡ್ತಲ್ಲ!" ಇಷ್ಟು ಹೇಳಿ, ಎದ್ದು ಪಂಪಿನ ಎಣ್ಣೆ ನೋಡಲು ಹೋದಳು.

ಹೊಸ ಲೇಖನದಲ್ಲಿ ಯಾರ ಹೆಸರಿರಬೇಕು ಎಂಬ ಮಾತು ಬಂದಾಗ ದೊರೆ ತಮ್ಮ ನಿಜವಾದ ಅಳತೆ ತೋರಿಸಿದರು. "ಡಿಪ್ಲೊಮಾದವರ ಹೆಸರು ಹಾಕಿದ್ರೆ ನಗ್ತಾರೆ. ಕೊನೆಯಲ್ಲಿ ಕೃತಜ್ಞತೆ ಹೇಳೋಣ, ತಾಂತ್ರಿಕ ಸಿಬ್ಬಂದಿಗೆ ಅಂತ." ಆಗ ಆ ಪುಕ್ಕಲು ಲೆಕ್ಕದ ಮೇಡಂ, "ಹಾಗಾದ್ರೆ ನನ್ನ ಹೆಸರನ್ನೂ ತೆಗೀರಿ ಸಾರ್. ಪತ್ರಿಕೆಯವರು ಪ್ರಶ್ನೆ ಕಳಿಸಿದ್ರೆ ನೀವೇ ಉತ್ತರ ಬರೀರಿ" ಅಂದಳು. ದೊರೆಗೆ ಉತ್ತರ ಬರೆಯಲು ಬರುವುದಿಲ್ಲವೆಂದು ದೊರೆಗೂ ಗೊತ್ತಿತ್ತು. ಶೀತಕ್ಕನ ಹೆಸರು ಬಂತು, ಮೂರನೆಯದಾಗಿ. ಮೊದಲನೆಯದು ದೊರೆಯದೇ, ಅದನ್ನು ಬೇರೆ ಹೇಳಬೇಕೇ.

ಹಳೆಯ ಲೇಖನಕ್ಕೆ ನಾಲ್ಕು ಸಾಲಿನ ತಿದ್ದುಪಡಿ ಹೋಯಿತು. "ಉಷ್ಣತೆಯ ಪಾತ್ರವನ್ನು ಈಗ ಇನ್ನಷ್ಟು ನಿಖರವಾಗಿ ಗುರುತಿಸಲಾಗಿದೆ" ಎಂದಿತ್ತು ಅದರಲ್ಲಿ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಕಾರಿಡಾರಿನ ಗೋಡೆಯ ಚಿತ್ರವನ್ನಂತೂ ಯಾರೂ ಇಳಿಸಲಿಲ್ಲ. ಚೆನ್ನಾಗಿ ಕಾಣುತ್ತದಂತೆ. ಬಂದ ಅತಿಥಿಗಳು ಈಗಲೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಲೆಕ್ಕದ ಮೇಡಂಗೆ ದೊರೆಯ ಪತ್ರ ಸಿಗಲಿಲ್ಲ. ಬೇಕಾಗಲೂ ಇಲ್ಲ. ಹೊಸ ಲೇಖನ ಓದಿದ ಇನ್ನೊಂದು ಪ್ರಯೋಗಾಲಯದವರು ಅವಳನ್ನು ತಾವಾಗಿ ಕರೆದರು. ಅವರು ಮೊದಲು ಶೀತಕ್ಕನನ್ನೂ ಕರೆದಿದ್ದರು. "ಗಂಡನಿಗೆ ಅಂಗಡಿ ಇದೆ, ನನಗೆ ಈ ಯಂತ್ರದ ಸ್ವಭಾವ ಗೊತ್ತು. ಅಲ್ಲಿಗೆ ಹೋದ್ರೆ ಹೊಸ ದೊರೆಗೆ ಮೊದಲಿಂದ ಪಾಠ ಹೇಳ್ಬೇಕು" ಎಂದು ಅವಳು ಹೋಗಲಿಲ್ಲ. ಈಗ ಅವಳ ಕೈಯಲ್ಲಿ ಮೂರು ಯಂತ್ರಗಳಿವೆ. ಹೊಸದಾಗಿ ಸೇರಿದವರು ಮೊದಲು ಅವಳ ಪುಸ್ತಕ ನೋಡಿ, ಆಮೇಲೆ ಪ್ರಯೋಗ ಶುರುಮಾಡುತ್ತಾರೆ. ಹಾಗೆ ಮಾಡದವರೂ ಇದ್ದಾರೆ. ಅವರ ಬಗ್ಗೆ ಅವಳು ಏನನ್ನುತ್ತಾಳೆಂದು ಇಲ್ಲಿ ಬರೆಯುವ ಹಾಗಿಲ್ಲ.

ದೊರೆ ದೊಡ್ಡದೊಂದು ಪದವಿಗೆ ಏರಿ ಹೊರಟರು. ಅಂಥವರು ಕೆಳಗಿಳಿಯುವುದನ್ನು ನಾನಂತೂ ಕಂಡಿಲ್ಲ. ಬೀಳ್ಕೊಡುಗೆಯಲ್ಲಿ ಎಲ್ಲರೂ ಒಂದೊಂದು ಮಾತಾಡಬೇಕೆಂದು ಅಪ್ಪಣೆಯಾಯಿತು. ಆ ನಾಲ್ವರು ತಲಾ ಹದಿನೈದು ನಿಮಿಷ ಹೊಗಳಿದರು. ನಾನು ಗಂಟಲು ನೋವು ಅಂದೆ. ಶೀತಕ್ಕನ ಸರದಿ ಬಂತು. ಟೋಪಿ ಸರಿಮಾಡಿಕೊಂಡು ಎದ್ದು ನಿಂತಳು.

"ಸಾರ್ ಇಲ್ಲಿ ಹನ್ನೆರಡು ವರ್ಷ ಇದ್ದರು. ಅವರು ಯಂತ್ರದ ಹತ್ತಿರ ಬರದೆ ಇದ್ದ ದಿನಗಳಲ್ಲೆಲ್ಲ ನಮಗೆ ತುಂಬಾ ಸಹಾಯ ಆಯ್ತು."

ಚಪ್ಪಾಳೆ ಶುರುವಾಯಿತು. ಮೊದಲು ತಟ್ಟಿದವರು ದೊರೆಯೇ. ಕೊನೆಯ ಮೂರು ಪದ ಮಾತ್ರ ಅವರ ಕಿವಿಗೆ ಬಿದ್ದಿರಬೇಕು. ಉಳಿದವರು ಅವರನ್ನು ನೋಡಿ ತಟ್ಟಿದರು. ಶೀತಕ್ಕ ತಿಂಡಿಗೆ ನಿಲ್ಲಲಿಲ್ಲ. ದ್ರವ ಸಾರಜನಕದ ಗಾಡಿ ಬರುವ ಹೊತ್ತಾಗಿತ್ತು, ಅದನ್ನು ಇಳಿಸಿಕೊಳ್ಳಲು ಹೋದಳು.